ಪೊರಕೆ ಎಳೆದ ಗೆರೆ

ಉದ್ಯಾನದ ಕಸ ಗುಡಿಸುತ್ತಿದ್ದ ಅಜ್ಜಿಗೊಂದು ಚಾಳಿಯಿತ್ತು. ಮಳೆ ನಿಂತ ಮೇಲೆ ದಾರಿಯ ನೀರನ್ನು ಎಲ್ಲರಂತೆ ಚರಂಡಿಗೆ ತಳ್ಳದೆ, ದೊಡ್ಡ ಮರದ ಬುಡದ ತಗ್ಗಿಗೆ ಗುಡಿಸುವಳು. ಎರಡು ದಿನ ಅಲ್ಲಿ ಕಪ್ಪೆಗಳದೇ ಕಾರುಬಾರು. ಮೂರನೆಯ ದಿನಕ್ಕೆ ನೀರೆಲ್ಲ ಇಂಗಿ, ನೆಲ ತಣ್ಣಗೆ ಉಸಿರಾಡುತ್ತಿತ್ತು. ಒಂದು ದಿನ ಮೇಸ್ತ್ರಿ, "ಏನೇ ಇದು ಗಲೀಜು?" ಎಂದು ಎಲ್ಲರೆದುರು ಬೈದು, ತಗ್ಗಿಗೆ ಸಿಮೆಂಟು ಬಳಿಸಿದ. ಆಮೇಲೆ ಪ್ರತಿ ಮಳೆಗೂ ದಾರಿಯೇ ಹೊಳೆ.

ಅಜ್ಜಿ ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೆ, ಮೊನ್ನೆ ಉದ್ಯಾನದ ಹೊಸ ಎಂಜಿನಿಯರಮ್ಮ ಹಳಬರಿಂದ ವಿಷಯ ತಿಳಿದು ಅವಳನ್ನು ಹುಡುಕಿಕೊಂಡು ಬಂದಳು.

"ಮಳೆನೀರು ಇಂಗಿಸ್ಬೇಕು ಅಜ್ಜಿ, ಎಲ್ಲಿ ಅಗೆಸ್ಲಿ?"

ಅಜ್ಜಿ ಹಳೆಯ ಪೊರಕೆ ಹಿಡಿದು ಹೋಗಿ, ದಾರಿಯಿಂದ ಮರದವರೆಗೆ ಸರ್‍ರನೆ ಗೆರೆ ಎಳೆದಳು. ಎಂಜಿನಿಯರಮ್ಮ ತಂದಿದ್ದ ಇಳಿಜಾರು ಅಳೆಯುವ ಯಂತ್ರವೂ ಅದನ್ನೇ ಹೇಳಿತು.

"ನೂರಕ್ಕೆ ನೂರು ಸರಿ ಅಜ್ಜಿ!"

ಅಜ್ಜಿ ಸಿಮೆಂಟನ್ನು ಪೊರಕೆಯ ಹಿಡಿಯಿಂದ ಕುಟ್ಟಿದಳು.

"ಅವತ್ತು ನಾನು ಬೈಸ್ಕೊಳ್ಳೋವಾಗ ನೀನೆಲ್ಲಿದ್ದೆ, ತಾಯಿ?"