ಕೂಗು ಇವರದು, ಹಿಟ್ ಅವರದು

ಬ್ರಾಂಕ್ಸ್‌ನ ಬಸ್ ಡಿಪೊದಲ್ಲಿ ಇನ್ನೂ ನಸುಕು. ಮಿಗ್ಡಾಲಿಯಾ ಒಟೆರೊ ತಮ್ಮ ಹಳದಿ ಶಾಲಾ ಬಸ್ಸಿನ ಟೈರುಗಳನ್ನು ಒದ್ದು ನೋಡುತ್ತಾರೆ, ದೀಪಗಳನ್ನು ಹಾಕಿ ಆರಿಸುತ್ತಾರೆ. ಇಂಜಿನ್ ಬಿಸಿಯಾಗುವಷ್ಟರಲ್ಲಿ ರೇಡಿಯೊದಲ್ಲಿ ಆ ಹಾಡು ಶುರುವಾಗುತ್ತದೆ. ಅವರ ಕೈ ತಾನಾಗಿಯೇ ಗುಂಡಿಯತ್ತ ಹೋಗುತ್ತದೆ.

"ಆರಿಸ್ಬೇಡ ಕಣೇ," ಎನ್ನುತ್ತಾರೆ ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ನಿಲ್ಡಾ. "ನಿನ್ನ ಹೊಟ್ಟೆಕಿಚ್ಚಿಗೆ ನಾನ್ಯಾಕೆ ಹಾಡು ಕಳ್ಕೊಳ್ಲಿ?"

"ಹೊಟ್ಟೆಕಿಚ್ಚು ಅಂತ ನಾನೇ ಒಪ್ಕೊಂಡಿದೀನಲ್ಲ. ಮತ್ತೆ ಮತ್ತೆ ಚುಚ್ಚಬೇಡ."

'ಬಾಗಿಲು ತೆರೆದಿಟ್ಟಿದ್ದೆ' ಗಾಯಕಿ ಸೊರೈದಾ ಅವರ ಅತಿ ದೊಡ್ಡ ಹಿಟ್. ಡ್ರಮ್ ಮೆಷಿನ್ನಿನ ಬಡಿತಕ್ಕೆ ಮುರಿದ ಪ್ರೇಮವನ್ನು ಕುಣಿಸುತ್ತಿದ್ದ, ಎಂಬತ್ತರ ದಶಕದ ಫ್ರೀಸ್ಟೈಲ್ ಎಂಬ ನೃತ್ಯಸಂಗೀತದ ಕಾಲದ್ದು. ಈ ಬೀದಿಗಳ ಪೋರ್ಟೊ ರಿಕನ್ ಮನೆಗಳಲ್ಲಿ ಇಂದಿಗೂ ಅದಿಲ್ಲದೆ ಮದುವೆ ಮುಗಿಯುವುದಿಲ್ಲ. ಪಲ್ಲವಿಯ ಕೊನೆಯಲ್ಲಿ ಮೇಲೇರಿ ಅಲ್ಲೇ ನಿಲ್ಲುವ ಕೂಗಿಗೆ ಅಜ್ಜಿಯರೂ ಕೈ ಎತ್ತುತ್ತಾರೆ. ಆ ಕೂಗು ಮಾತ್ರ ಮಿಗ್ಡಾಲಿಯಾ ಅವರದು.

ಇಬ್ಬರೂ ಒಂದೇ ಮಹಡಿಯಲ್ಲಿ ಬೆಳೆದವರು. ಹಾಡುವ ಅವಕಾಶ ಮೊದಲು ಬಂದದ್ದು ಮಿಗ್ಡಾಲಿಯಾಗೆ. ಆದರೆ ಹಾಡಿದವಳು ರಾತ್ರಿಯೆಲ್ಲ ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗಿ ರೆಕಾರ್ಡ್ ಮಾಡಿದ ಟೇಪಿನ ಜೊತೆ ಹಾಡಬೇಕಿತ್ತು. ಅಣ್ಣ ಜೊತೆಗಿಲ್ಲದೆ ಮಗಳು ರಾತ್ರಿ ಹೊಸಿಲು ದಾಟಕೂಡದು ಎಂದುಬಿಟ್ಟರು ಅಪ್ಪ. ಅಣ್ಣನಿಗೋ ರಾತ್ರಿ ಪಾಳಿ.

"ಸೊರೈದಾಳನ್ನ ಸಾಕಿದ ಚಿಕ್ಕಮ್ಮ ಯಾವ್ದಕ್ಕೂ ಬೇಡ ಅಂತಿರ್ಲಿಲ್ಲ. ಮಧ್ಯಾಹ್ನ ಸ್ಟುಡಿಯೋಗೆ ಹೋಗಿ ನಾನೇ ಅವಳಿಗೆ ಹಾಡು ಕಲಿಸ್ದೆ. ಕೂಗಿನ ಆ ಎತ್ತರ ಅವಳಿಗೆ ದಕ್ಕಲಿಲ್ಲ. ಅದೊಂದು ಜಾಗಕ್ಕೆ ನನ್ನ ದನಿನೇ ಇಟ್ಕೊಂಡ್ರು. ಕವರ್ ಮೇಲೆ ಅವಳ ಮುಖ."

ಆಮೇಲೆ ಮದುವೆ, ಗಂಡ ಬಿಟ್ಟುಹೋದದ್ದು, ಇಬ್ಬರು ಹೆಣ್ಣುಮಕ್ಕಳು, ಸ್ಟೇರಿಂಗ್ ಹಿಡಿದು ಹಿಡಿದು ಬಂದ ಭುಜದ ನೋವು. "ಅವಳ ಮೇಲೆ ಸಿಟ್ಟಿಲ್ಲ ಅಂತ ಚರ್ಚಲ್ಲಿ ಹೇಳ್ತೀನಿ," ಎನ್ನುತ್ತಾರೆ ಮಿಗ್ಡಾಲಿಯಾ. "ಬಸ್ಸಲ್ಲಿ ಸುಳ್ಳು ಹೇಳಕ್ಕಾಗಲ್ಲ." ಮಕ್ಕಳನ್ನು ಶಾಲೆಗೆ ಇಳಿಸಿ ಖಾಲಿ ಬಸ್ಸಿನಲ್ಲಿ ಹಿಂದಿರುಗುವಾಗ ಅವರು ಆ ಕೂಗು ಹಾಕುತ್ತಾರೆ. ದನಿ ಕೊಂಚ ಒರಟಾಗಿದೆ, ಎತ್ತರ ತಪ್ಪಿಲ್ಲ.

ಈ ಶನಿವಾರ ಬಡಾವಣೆಯ ಪಾರ್ಕಿನಲ್ಲಿ ಸೊರೈದಾ ಅವರ ಕಾರ್ಯಕ್ರಮ. ಈ ಸಲ ಮಿಗ್ಡಾಲಿಯಾ ಅವರ ಕೂಗಿರುವ ಟೇಪಿಲ್ಲ, ವಾದ್ಯದವರೇ ನುಡಿಸುತ್ತಾರೆ. ಹಾಗಾಗಿ ನಿನ್ನೆ ಸೊರೈದಾ ಫೋನ್ ಮಾಡಿದ್ದಾರೆ: ಪರದೆಯ ಹಿಂದೆ ನಿಂತು ಆ ಕೂಗೊಂದನ್ನು ಹಾಕಿಕೊಡು, ಯಾರಿಗೂ ತಿಳಿಯುವುದಿಲ್ಲ.

"ಏನಂದೆ?" ನಿಲ್ಡಾ ಕೇಳುತ್ತಾರೆ.

"ಪರದೆ ಹಿಂದೆ ನಿಲ್ಲಲ್ಲ ಅಂದೆ. ಪಾರ್ಕಿಗೆ ಬರ್ತೀನಿ, ಜನರ ಮಧ್ಯೆ ಇರ್ತೀನಿ ಅಂದೆ."

"ಅವಳಿಗೆ ಆ ಎತ್ತರ ಸಿಗದಿದ್ರೆ?"

ಮಿಗ್ಡಾಲಿಯಾ ಕನ್ನಡಿ ಸರಿಪಡಿಸಿ ಗೇರ್ ಹಾಕುತ್ತಾರೆ.

"ಸಿಗಲ್ಲ. ನಿಂತಲ್ಲಿಂದ ನಾನು ಎತ್ಕೋತೀನಿ. ಯಾರ ದನಿ ಅಂತ ಜನಾನೇ ಕತ್ತು ತಿರುಗಿಸಿ ನೋಡ್ಲಿ."