ಎರಡೇ ಹನಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮೀನಿನ ಹುಚ್ಚಿಲ್ಲ. ಹಾವೇರಿ ಕೋರ್ಟಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ. ದಿನವಿಡೀ ವಕೀಲರ, ಕಕ್ಷಿದಾರರ ಗದ್ದಲ ಕೇಳಿ ಮನೆಗೆ ಬಂದರೆ ಒಂದು ಕಪ್ ಚಹಾ ಸಿಗಬೇಕು, ಯಾರೂ ಮಾತಾಡಿಸಬಾರದು. ಅಂಥ ಮನುಷ್ಯ ನಾನು. ಮೀನಿನ ತೊಟ್ಟಿ ತಂದದ್ದು ಅವ್ವನ ಕಾಟಕ್ಕೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಡಾಕ್ಟರು ಒಂದಿಷ್ಟು ದಿನ ಟಿ.ವಿ. ಬೇಡ ಎಂದರು. ಧಾರಾವಾಹಿ ಇಲ್ಲದ ಅವ್ವ ಕುಂತಲ್ಲಿ ನಿಂತಲ್ಲಿ ನನ್ನ ತಲೆ ತಿನ್ನತೊಡಗಿದಳು. ಸಿಟ್ಟಿಗೆದ್ದು ಒಂದು ಭಾನುವಾರ ರಾಣೆಬೆನ್ನೂರಿಗೆ ಹೋಗಿ ಗಾಜಿನ ತೊಟ್ಟಿ, ಒಂದು ಜೋಡಿ ಏಂಜಲ್ ಮೀನು ತಂದು ಅವಳ ಕುರ್ಚಿಯ ಮುಂದಿಟ್ಟೆ.

"ತಗೋ, ಇದನ್ನ ನೋಡು. ಇದರಾಗ ಜಾಹೀರಾತೂ ಬರಂಗಿಲ್ಲ."

ನೋಡಿದಳು. ಹೊಸ ಕಣ್ಣು ಬಂದ ಖುಷಿಯಲ್ಲಿ ಬೆಳಗಿನಿಂದ ಸಂಜೆತನಕ ನೋಡಿದಳು. ವಾರ ಕಳೆಯುವುದರೊಳಗೆ ಅವುಗಳ ಜೊತೆ ಮಾತೂ ಸುರುವಾಯಿತು. ಹೆಣ್ಣು ಮೀನು ಗಾಜಿಗೆ ಅಂಟಿಸಿ ತತ್ತಿ ಇಟ್ಟ ದಿನ, ಬ್ಯಾಡಗಿಯ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ನನ್ನ ಹೆಂಡತಿಗೆ ಫೋನು ಹಚ್ಚಿ ಸುದ್ದಿ ಮುಟ್ಟಿಸಿದಳು. ಮಗಳು ಗರ್ಭಿಣಿಯಾದಷ್ಟು ಸಡಗರ.

ಮರುದಿನ ಸಂಜೆ ಗಂಡು ಹೆಣ್ಣು ಎರಡೂ ಸೇರಿ ಅಷ್ಟೂ ತತ್ತಿಗಳನ್ನು ತಿಂದುಬಿಟ್ಟವು. ಅವ್ವನ ಕಣ್ಣೆದುರಿಗೇ.

"ಹಡದಾಕೀನ ತನ್ನ ಕೂಸು ತಿಂದಳಲ್ಲೋ ತಮ್ಮಾ," ಎಂದಳು. "ಇನ್ನ ಮ್ಯಾಲೆ ಅದರ ಮಾರಿ ನೋಡಂಗಿಲ್ಲ ನಾ."

ಎದ್ದು ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿ ಕುಳಿತಳು. ಹಾಗೆ ಎರಡು ವಾರ ಕುಳಿತಳು. ಟಿ.ವಿ. ಹಚ್ಚಲೇ ಎಂದರೆ ಬೇಡ, ಉಪ್ಪಿಟ್ಟು ತಿನ್ನು ಎಂದರೆ ಬೇಡ. ನನಗಿಂತ ಮುಂಚೆ ಎರಡು ಕೂಸು ಹಡೆದು ಕಳೆದುಕೊಂಡವಳು ನಮ್ಮವ್ವ. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನಾನೂ ಎತ್ತಲಿಲ್ಲ. ಆದರೆ ದಿನಾ ಮನೆಗೆ ಬಂದರೆ ನನ್ನ ಕಡೆ ತಿರುಗಿದ ಆ ಬೆನ್ನೇ ಕಾಣುತ್ತಿತ್ತು. ಇನ್ನೊಮ್ಮೆ ತತ್ತಿ ಇಡಲಿ, ಮರಿ ಮಾಡಿ ಬೆಳೆಸಿ ಅವ್ವನ ಕುರ್ಚಿ ತಿರುಗಿಸದಿದ್ದರೆ ಕೇಳು ಎಂದು ಹಟಕ್ಕೆ ಬಿದ್ದೆ.

ರಾಣೆಬೆನ್ನೂರಿನ ಮೀನಿನ ಅಂಗಡಿಯವನು ಹೇಳಿದಂತೆ ತೊಟ್ಟಿಯೊಳಗೆ ಮಕ್ಕಳು ಬರೆಯುವ ಒಂದು ಹಳೇ ಪಾಟಿಯ ತುಂಡನ್ನು ಓರೆಯಾಗಿ ನಿಲ್ಲಿಸಿದೆ. ಈ ಸಲ ತತ್ತಿ ಅದರ ಮೇಲೆಯೇ ಬಂತು. ಅಪ್ಪ ಅಮ್ಮ ಮೀನುಗಳು ತಿರುಗಿ ನೋಡುವುದರೊಳಗೆ ಪಾಟಿಯನ್ನು ಎತ್ತಿ, ಉಪ್ಪಿನಕಾಯಿಯ ದೊಡ್ಡ ಗಾಜಿನ ಭರಣಿಗೆ ಅದೇ ತೊಟ್ಟಿಯ ನೀರು ತುಂಬಿ ಇಳಿಬಿಟ್ಟೆ. ಗಾಳಿ ಪಂಪು ಹಚ್ಚಿ, ತತ್ತಿಗೆ ಬೂಷ್ಟು ಹಿಡಿಯದಂತೆ ಒಂದು ತೊಟ್ಟು ನೀಲಿ ಔಷಧ ಹಾಕಿದೆ. ಮೂರನೇ ದಿನ ಪಾಟಿಯ ತುಂಬ ಕೂದಲೆಳೆಯಂಥ ಬಾಲಗಳು ನಡುಗತೊಡಗಿದವು. ಅವ್ವನನ್ನು ರಟ್ಟೆ ಹಿಡಿದು ಎಬ್ಬಿಸಿ ಕರೆತಂದೆ. ಬಗ್ಗಿ ನೋಡಿದಳು.

"ಅಯ್ಯ ಶಿವನ! ಜೀವ ಐತಲ್ಲೋ ಇವಕ್ಕ!"

ಕುರ್ಚಿ ತಾನಾಗಿಯೇ ಭರಣಿಯ ಕಡೆ ತಿರುಗಿತು. ನಾನು ಗೆದ್ದೆ ಅಂದುಕೊಂಡೆ. ಎಂಥ ಗೆಲುವು!

ಇನ್ನೊಂದು ನಾಲ್ಕೈದು ದಿನಕ್ಕೆ ಮರಿಗಳು ಪಾಟಿ ಬಿಟ್ಟು ಈಜಲು ಹೊರಟವು. ಈಜಿದ ಮೇಲೆ ಹಸಿವು. ಅಂಗಡಿಯವನಿಗೆ ಫೋನ್ ಮಾಡಿದೆ.

"ಇವಕ್ಕ ಸೀಗಡಿಯ ಸಣ್ಣ ಮರಿ ಬೇಕ್ರಿ ಸರ್. ನನ್ನ ಕಡೆ ತೀರ್ಯಾವ, ಬರಾಕ ಒಂದು ವಾರ ಆಗತೈತಿ. ಅಲ್ಲೀತನಕ ಕುದಿಸಿದ ತತ್ತಿಯ ಹಳದಿ ನೀರಿನ್ಯಾಗ ಕಲಸಿ, ಅರಿವ್ಯಾಗ ಸೋಸಿ, ಸಲಕ್ಕ ಎರಡ ಹನಿ ಹಾಕ್ರಿ. ಹೆಚ್ಚಾತಂದ್ರ ನೀರು ಕೆಟ್ಟು ಎಲ್ಲಾ ಹೋಗ್ತಾವ, ಹುಷಾರ್ ರೀ."

ನಮ್ಮ ಮನೆಯ ಹೊಸ್ತಿಲು ದಾಟಿ ಕೋಳಿ ತತ್ತಿ ಎಂದೂ ಬಂದದ್ದಿಲ್ಲ. ಅವ್ವ ಕೊರಳಲ್ಲಿ ಲಿಂಗವಿರುವ ಹೆಂಗಸು. ಯಾರಾದರೂ ಹುಟ್ಟಿದ ಹಬ್ಬದ ಕೇಕು ಕೊಟ್ಟರೂ ಮೂಸಿ ನೋಡಿ, "ಇದರಾಗ ತತ್ತಿ ಐತಿ" ಎಂದು ಡಬ್ಬಿಗೆ ಡಬ್ಬಿಯನ್ನೇ ಹೊರಗೆ ಕಳಿಸುವವಳು. ಅಂಥವಳ ಎದುರಿಗೆ ಹೇಗೆ ಹೇಳುವುದು? ಹೇಳದಿದ್ದರೆ ಯಾರು ಹಾಕುವುದು? ಹೆಂಡತಿ ಎಂಟಕ್ಕೇ ಬ್ಯಾಡಗಿಗೆ ಹೊರಡುತ್ತಾಳೆ, ನಾನು ಹತ್ತಕ್ಕೆ ಅಂಗಡಿ ತೆರೆಯಬೇಕು. ಮರಿಗಳಿಗೆ ದಿನಕ್ಕೆ ನಾಲ್ಕು ಸಲ ಉಣಿಸಬೇಕು.

ಸುಳ್ಳು ಹೇಳಿದೆ. ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಆಮ್ಲೆಟ್ ಗಾಡಿಯಲ್ಲಿ ಒಂದು ಕುದಿಸಿದ ತತ್ತಿ ಕೊಂಡು, ಬಾಗಿಲು ಅರ್ಧ ತೆರೆದ ನನ್ನ ಅಂಗಡಿಯೊಳಗೆ ಕಳ್ಳನ ಹಾಗೆ ಕುಳಿತು, ಚೂರು ಹಳದಿಯನ್ನು ಕರ್ಚೀಫಿನಲ್ಲಿ ಸೋಸಿ, ಅವ್ವನ ಕಣ್ಣಿಗೆ ಹಾಕುವ ಔಷಧದ ಖಾಲಿ ಬಾಟಲಿಯಲ್ಲಿ ತುಂಬಿ ಮನೆಗೆ ತರುತ್ತಿದ್ದೆ.

"ಅವ್ವ, ಇದು ಮರಿಗಳ ಔಷಧ. ಸಲಕ್ಕ ಎರಡ ಹನಿ. ಎರಡಂದ್ರ ಎರಡ."

ಬಾಟಲಿ ಇಸಿದುಕೊಂಡಳು. ಮುಚ್ಚಳ ತೆಗೆದಳು. ತಟ್ಟನೆ ಮತ್ತೆ ಮುಚ್ಚಿದಳು.

"ಹೂಂ. ಔಷಧ," ಎಂದಳು.

ಹೆಂಡತಿ ಮಾತ್ರ ದಿನಾ ಒಂದೇ ರಾಗ ಎಳೆಯುತ್ತಿದ್ದಳು. "ರೀ, ಅತ್ತಿಯವರಿಗೆ ಖರೇ ಹೇಳಿಬಿಡ್ರಿ. ಪೂಜಾ ಮಾಡೋ ಕೈ ಅದು."

"ಹೇಳಿದ್ರ ಭರಣಿ ಸಮೇತ ಓಣ್ಯಾಗ ಒಗೀತಾಳ. ನೀ ಸುಮ್ನಿರು."

ಮೂರು ದಿನ ಎಲ್ಲ ಚೆನ್ನಾಗಿತ್ತು. ಸಂಜೆ ಬಂದು ತಳದ ಕಸ ತೆಗೆದು ಚೂರು ನೀರು ಬದಲಿಸುತ್ತಿದ್ದೆ. ಒಂದು ಮಧ್ಯಾಹ್ನ ಊಟಕ್ಕೆ ಬಂದರೆ ಅವ್ವನ ತಲೆ ಒದ್ದೆಯಾಗಿತ್ತು. ಬೆಳಿಗ್ಗೆ ಸ್ನಾನವಾಗಿದೆ, ಚಳಿಗಾಲ, ಗೀಸರೂ ಹಚ್ಚಿಲ್ಲ, ಮೊಣಕಾಲು ನೋವು ಬೇರೆ. ಬಾಯಿಗೆ ಬಂದಂತೆ ಬೈದೆ.

"ಶೆಕಿ ಆತೋ," ಎಂದಳು.

ಮುದುಕರ ಬುದ್ಧಿ ಎಂದುಕೊಂಡು ರೊಟ್ಟಿ ತಿಂದು ಅಂಗಡಿಗೆ ಹೋದೆ.

ನಾಲ್ಕನೇ ದಿನ ಮೂರು ಗಂಟೆಯ ಹೊತ್ತಿಗೆ ಅವಳ ಫೋನು. "ತಮ್ಮಾ, ಲಗೂ ಬಾ. ನೀರು ಹಾಲಿನಂಗ ಆಗೈತಿ. ಮರಿ ಎಲ್ಲಾ ಮ್ಯಾಲ ಬಂದು ಬಾಯಿ ಬಿಡಾಕತ್ತಾವ."

ಅಂಗಡಿ ಮುಚ್ಚಲು ಎದ್ದೆ. ವಕೀಲರೊಬ್ಬರ ಗುಮಾಸ್ತ ಕಾಗದದ ಕಟ್ಟು ಹಿಡಿದು ನಿಂತಿದ್ದ. "ಸಾಹೇಬ್ರು ಒಳಗ ಕಾಯಾಕತ್ತಾರ್ರಿ, ಇದೊಂದು ಮುಗಿಸಿ ಹೋಗ್ರಿ," ಎಂದು ಕೈ ಹಿಡಿದುಕೊಂಡ. ಆ ಹಾಳು ಮಷೀನು ಅವತ್ತೇ ಎರಡು ಸಲ ಕಾಗದ ನುಂಗಿ ನಿಲ್ಲಬೇಕೆ! ಮನೆ ಮುಟ್ಟುವುದರೊಳಗೆ ಅರ್ಧ ಗಂಟೆ ಹೋಗಿತ್ತು.

ಬಾಗಿಲಲ್ಲೇ ವಾಸನೆ ಹೊಡೆಯಿತು. ಭರಣಿಯ ಹತ್ತಿರ ಹೋದರೆ ಮರಿಗಳು ಕಾಣುವುದೇ ಕಷ್ಟ. ಮಗ್ಗಿನಿಂದ ನೀರು ತೆಗೆಯಲು ಹೋದೆ, ಮಗ್ಗಿನೊಳಗೂ ಮರಿ ಬಂದವು. ಮಗ್ಗನ್ನು ಮತ್ತೆ ಭರಣಿಗೇ ಸುರಿದು ರಾಣೆಬೆನ್ನೂರಿನವನಿಗೆ ಫೋನ್ ಹಚ್ಚಿದೆ.

"ಪೂರ್ತಿ ನೀರು ಬದಲಿಸಿದ್ರೂ ಸಾಯ್ತಾವ, ಬದಲಿಸದಿದ್ರೂ ಸಾಯ್ತಾವ್ರಿ ಸರ್. ಅರ್ಧ ಬದಲಿಸಿ ಸುಮ್ನ ಕುಂದರ್ರಿ. ಇನ್ನೇನೂ ಮಾಡಾಕ ಬರಂಗಿಲ್ಲ."

ಅರ್ಧ ಬದಲಿಸಿ ಸುಮ್ಮನೆ ಕುಳಿತೆ. ಅವ್ವ ಕುರ್ಚಿಯಲ್ಲಿ, ನಾನು ನೆಲದ ಮೇಲೆ. ಅವಳ ಆ ಹೊಸ ಕಣ್ಣಿಗೆ ಎಲ್ಲವೂ ಕಾಣುತ್ತಿತ್ತು. "ಇದು ಇನ್ನೂ ಐತಿ ನೋಡು... ಇಲ್ಲ, ಇದೂ ಹೋತು," ಎನ್ನುತ್ತಿದ್ದಳು. ಹೆಂಡತಿ ಶಾಲೆ ಮುಗಿಸಿ ಬರುವ ಹೊತ್ತಿಗೆ ಭರಣಿಯಲ್ಲಿ ಗಾಳಿಯ ಗುಳ್ಳೆ ಬಿಟ್ಟರೆ ಅಲುಗಾಡುವಂಥದ್ದು ಏನೂ ಇರಲಿಲ್ಲ.

ಭರಣಿಯನ್ನು ಎತ್ತಿಕೊಂಡೆ. ಪಕ್ಕದಲ್ಲಿದ್ದ ಬಾಟಲಿ ಖಾಲಿಯಾಗಿತ್ತು. ನನ್ನ ಪಿತ್ತ ನೆತ್ತಿಗೇರಿತು.

"ಎಷ್ಟು ಹಾಕಿದಿ ಅವ್ವಾ?"

"ಪೂರ್ತಿ ಹಾಕಿದೆ."

"ಎರಡ ಹನಿ ಅಂತ ಬಡಕೊಂಡಿರಲಿಲ್ಲೇನು ನಾ? ಔಷಧ ಅಂತ ಹೇಳಿರಲಿಲ್ಲೇನು?"

ಥೂ, ಆಗಲೂ ಔಷಧ ಎಂದೇ ಕೂಗಿದೆ. ಹೆಂಡತಿ ತಲೆ ತಗ್ಗಿಸಿದಳು. ಅವ್ವ ನನ್ನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ ಅವಳಿಗೆ.

"ಔಷಧ ಅಲ್ಲಪಾ ಅದು. ತತ್ತಿ. ಮೊದಲನೇ ದಿನಾನ ವಾಸನಿ ಬಂದಿತ್ತು ನನಗ."

"ಹಂಗಾರ ಯಾಕ ಕೇಳಲಿಲ್ಲ?" ಎಂದೆ.

"ಕೇಳಿದ್ರ ನೀ ಹೌದು ಅಂತಿದ್ದಿ. ಹೌದು ಅಂದಮ್ಯಾಲೆ ನಾ ಬ್ಯಾಡ ಅನ್ನಬೇಕಾಗ್ತಿತ್ತು. ಅವೇನು ತಿನಬೇಕು?" ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಡಾಕ್ಟರು ಕಣ್ಣು ಮುಟ್ಟಬೇಡ ಎಂದಿದ್ದರು. "ಔಷಧ ಆಗಿದ್ರ ಎರಡ ಹನಿ ಹಾಕ್ತಿದ್ನೋ ತಮ್ಮಾ. ನನ್ನ ಕಣ್ಣಿಗೆ ಎಣಿಸಿ ಹಾಕ್ಕೊಂಡಿಲ್ಲೇನು? ಊಟ ಅಂತ ಗೊತ್ತಿತ್ತಲ್ಲ. ಇವತ್ತು ಭಾಳ ಹಸದಂಗ ಕಂಡ್ವು. ಕೂಸಿಗೆ ಊಟಾ ಯಾರರ ಹನಿ ಎಣಿಸಿ ಹಾಕ್ತಾರೇನು?"

ಅವ್ವ ಕುರ್ಚಿಯ ಕೈ ಊರಿ ಮೆಲ್ಲಗೆ ಎದ್ದಳು. ಗೂಟದ ಮೇಲಿನ ಟವೆಲ್ ತೆಗೆದುಕೊಂಡಳು. ಸಂಜೆಯ ಪೂಜೆಗೆ ಕೂಡುವ ಮುಂಚೆ ಸ್ನಾನ ಮಾಡಬೇಕಿತ್ತು ಅವಳಿಗೆ. ಆ ಮಧ್ಯಾಹ್ನದ ಒದ್ದೆ ತಲೆ ಈಗ ಅರ್ಥವಾಯಿತು: ಈ ನಾಲ್ಕೂ ದಿನ ಆ ಕೈಯಿಂದ ಮರಿಗಳಿಗೆ ಉಣಿಸಿ, ಮತ್ತೆ ತಣ್ಣೀರು ಹೊಯ್ದುಕೊಂಡೇ ಲಿಂಗ ಮುಟ್ಟಿದ್ದಳು.

ಭರಣಿಯನ್ನು ಕೆಳಗಿಟ್ಟು ಓಡಿಹೋಗಿ ಗೀಸರ್ ಹಚ್ಚಿದೆ. ನೀರು ಕಾಯುವತನಕ ಬಚ್ಚಲ ಬಾಗಿಲಲ್ಲಿ ಅಡ್ಡ ನಿಂತು, ತಡಿ ಅವ್ವ, ಇನ್ನೊಂದು ಐದು ನಿಮಿಷ ತಡಿ ಎನ್ನುತ್ತಿದ್ದೆ.