ಒಂದೇ ಖೋಲಿ, ಇಬ್ಬರ ಹೆಸರು

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ತಿಂಗಳಾಗಿತ್ತು. ಠಾಣಾ ಕುಶನೂರಿನಿಂದ ಬೀದರಿಗೆ ಬಂದ ವಹೀದಾ ಹನ್ನೊಂದು ದಿನದಿಂದ ಬಾಡಿಗೆ ಮನೆ ಹುಡುಕುತ್ತಿದ್ದಳು. ಹೋದಲ್ಲೆಲ್ಲ ಬಾಗಿಲು ಅರ್ಧ ತೆರೆಯುತ್ತಿತ್ತು. "ಗಂಡ ಎಲ್ಲಿ ಹಾನ?" ಎಂದು ಕೇಳುತ್ತಿದ್ದರು. ಅವಳು ತಡವರಿಸುವಷ್ಟರಲ್ಲಿ ಅಗಳಿ ಬೀಳುತ್ತಿತ್ತು.

ಗಂಡ ಚಾಂದ ಪಾಶಾ ಬಾಡಿಗೆ ಬಂಡಿ ಹೊಡೆಯುವವನು. ನಿಜಾಮನ ಪರ ಊರೂರು ಸುಡುತ್ತಿದ್ದ ರಜಾಕಾರರು ಬಂದೂಕು ತೋರಿಸಿ ಕರೆದಾಗ ಬಂಡಿ ಕಟ್ಟಿದ್ದ. ಭಾರತದ ದಂಡು ಬಂದ ದಿನ ತೊಗರಿ ಹೊಲದ ಕಡೆ ಓಡಿದವನು ತಿರುಗಿ ಬರಲಿಲ್ಲ.

ಚೌಬಾರಾ ಗೋಪುರದ ಹಿಂದಿನ ಹಳೇ ಧರ್ಮಶಾಲೆಯಲ್ಲಿ ಮನೆ ಕಳೆದುಕೊಂಡವರಿಗೆ ಅರ್ಧ ಬಾಡಿಗೆಗೆ ಖೋಲಿ ಕೊಡುತ್ತಾರೆಂದು ಬಾವಿಕಟ್ಟೆಯಲ್ಲಿ ಕೇಳಿ, ಅಲ್ಲಿಗೆ ಹೋಗಿ ಸಾಲಿನಲ್ಲಿ ನಿಂತಳು. ಅವಳ ಮುಂದಿದ್ದ ಹೆಂಗಸು ಎಕಂಬಾ ಊರಿನ ಸಖುಬಾಯಿ.

"ನಮ್ಮ ಮನಿ ರಜಾಕಾರರು ಸುಟ್ಟರ‍್ರಿ. ಮೈದುನನ ಜೀವಾ ತಗದ್ರು," ಎಂದು ಸಖುಬಾಯಿ ಗುಮಾಸ್ತನಿಗೆ ಹೇಳಿದ್ದು ಕೇಳಿ ವಹೀದಾ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡಳು.

"ಖೋಲಿ ಒಂದೇ ಉಳದದ," ಎಂದ ಗುಮಾಸ್ತ. "ಇಬ್ರೂ ಕೂಡಿ ಇರ‍್ತೀರೇನು?"

ಸಖುಬಾಯಿ ಹಿಂದೆ ತಿರುಗಿ ಅವಳನ್ನು ದಿಟ್ಟಿಸಿದಳು. "ಬರಕೋರಿ. ಓಣ್ಯಾಗ ಎಷ್ಟು ದಿನ ಮಲಗಬೇಕು?"

"ನಿನ್ನ ಗಂಡ?" ಗುಮಾಸ್ತ ವಹೀದಾಳನ್ನು ಕೇಳಿದ.

"ತೀರಕೊಂಡಾರ‍್ರಿ."

ಹೇಳಿದ ಮೇಲೆ ಅವಳಿಗೆ ತಾನೇ ಅವನನ್ನು ಕೊಂದಂತಾಯಿತು.

ಖೋಲಿಯಲ್ಲಿ ಸಖುಬಾಯಿ ತಲೆದಿಂಬಿನ ಕೆಳಗೆ ಕುಡುಗೋಲು ಇಟ್ಟುಕೊಂಡಳು. ವಹೀದಾ ಎದುರಿನ ಗೋಡೆಗೆ ಆತು ಕೂತಳು. ಇವಳಿಗೆ ಅವಳ ಹೆದರಿಕೆ, ಅವಳಿಗೆ ಇವಳ ಹೆದರಿಕೆ. ಒಬ್ಬರು ಕೆಮ್ಮಿದರೆ ಇನ್ನೊಬ್ಬರು ಬೆಚ್ಚುತ್ತಿದ್ದರು.

ಎಂಟನೆಯ ದಿನ ಮಧ್ಯಾಹ್ನ ಅಂಗಳಕ್ಕೆ ಮೂವರು ಬಡಿಗೆ ಹಿಡಿದು ಬಂದರು. "ರಜಾಕಾರರಿಗಿ ಬಂಡಿ ಹೊಡದ ಚಾಂದ ಪಾಶಾನ ಹೇಣ್ತಿ ಇಲ್ಲಿ ಹಾಳಂತಲ್ಲ?"

ಒಳಗೆ ವಹೀದಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಸಖುಬಾಯಿಯ ಕೈ ನಿಂತಿತು. ಮೊರ ಪಕ್ಕಕ್ಕಿಟ್ಟು ಎದ್ದಳು.

"ಈ ಖೋಲಿ ನಂದದ," ಎಂದಳು ಕೊನೆಗೆ. "ನಾ ಎಕಂಬಾದಾಕಿ. ನನ್ನ ಮನಿ ಸುಡೋ ಮುಂದ ಈ ಬಡಿಗಿ ಎಲ್ಲಿದ್ವು? ಹೋಗ್ರಿ."

ಅವರು ಗೊಣಗುತ್ತ ಹೋದರು. ಸಖುಬಾಯಿ ಒಳಗೆ ಬಂದು ಬಾಗಿಲು ಹಾಕಿದಳು. "ನಿನ್ನ ಗಂಡನ ಬಂಡಿ ನಮ್ಮೂರಿಗಿ ಬಂದಿತ್ತೇನು?"

"ಖುದಾನ ಆಣಿ ಗೊತ್ತಿಲ್ಲಕ್ಕಾ. ಎಲ್ಲಿ ಹೋಗಿದ್ದ ಅಂತ ಒಂದಿನಾನೂ ಹೇಳಲಿಲ್ಲ."

ಸಖುಬಾಯಿ ಅಗಳಿಯನ್ನೂ ಜಡಿದಳು. "ಬಾಡಿಗಿ ಚೀಟಿನಾಗ ಇಬ್ರ ಹೆಸರದ. ನಿನಗ ಎಳಕೊಂಡು ಹೋದ್ರ ನನಗೂ ಹೊರಗ ಹಾಕ್ತಾರ. ಅದಕ್ಕ ಅಂದೆ, ತಿಳಕೋ."

ವಹೀದಾ ತಲೆಯಾಡಿಸಿದಳು.

ಇಬ್ಬರೂ ಅಲ್ಲೇ ಮೂರು ವರ್ಷ ಬಾಳಿದರು. ಆಮೇಲೆ ಸಖುಬಾಯಿ ಮನೆ ಕಟ್ಟಿಸಿಕೊಳ್ಳಲು ಎಕಂಬಾಕ್ಕೆ ಹೋದಳು. ಚಾಂದ ಪಾಶಾನ ಸುದ್ದಿ ಬರಲೇ ಇಲ್ಲ. ವಹೀದಾ ಕೌದಿ ಹೊಲಿದು ಬಾಡಿಗೆ ಕಟ್ಟುತ್ತ ಅದೇ ಖೋಲಿಯಲ್ಲಿ ಉಳಿದಳು. ಅಂಗಳದಲ್ಲಿ ಯಾರು ಕೂಗಿದರೂ, ದನಿಯ ಗುರುತು ಹತ್ತುವವರೆಗೆ ಅಗಳಿ ತೆಗೆಯುತ್ತಿರಲಿಲ್ಲ.